ಎತ್ತುಗಳಿಗೆ ಬಂದ ಇಂಗ್ಲಿಷ್ ಪದ

ನಮ್ಮ ಮನೆಯಲ್ಲಿ ಯಾರೂ ಬಿ.ಎ. ಆಗುವುದು ಸಾಧ್ಯವೇ ಇಲ್ಲ ಎಂದವರು ಮನೆಯ ಯಜಮಾನರಾಗಿದ್ದ ನನ್ನ ದೊಡ್ಡಪ್ಪ. ನಮ್ಮ ನಾಲಿಗೆ ಕನ್ನಡ, ತೆಲುಗು, ತಮಿಳು ಮೂರಕ್ಕೇ ಸವೆದಿದೆ, ನಾಲ್ಕನೆಯದಕ್ಕೆ ಜಾಗವಿಲ್ಲ ಎಂಬುದು ಅವರ ವಾದ.

ಬೆಂಗಳೂರಿನ ಕಾಲೇಜಿನಲ್ಲಿ ಆ ಮಾತು ನಿಜವಾಗುವಂತಿತ್ತು. ಎದ್ದು ಪಾಠ ಓದುವಾಗ ‘ಅಬ್‌ಸ್ಟ್ರೆಪರಸ್’ ಎಂಬ ಪದ ಎದುರಾಯಿತು. ಮೊದಲ ತುಂಡಿನ ಮೇಲೇ ಭಾರ ಹಾಕಿ ಅಲ್ಲೇ ಕುಸಿದೆ. ತರಗತಿಯೆಲ್ಲ ನಕ್ಕಿತು. ರಜೆ ಮುಗಿಸಿ ಬರುವಾಗ ಅದರ ಉಚ್ಚಾರ, ಅರ್ಥ ಎರಡೂ ಬಾರದಿದ್ದರೆ ಒಳಗೆ ಸೇರಿಸುವುದಿಲ್ಲ ಎಂದರು ಮೇಷ್ಟ್ರು. ಹಾಜರಿ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ.

ಕೆಲಮಂಗಲದ ಬಳಿಯ ನಮ್ಮೂರಿಗೆ ಬಂದರೆ ದೊಡ್ಡಪ್ಪ ನನ್ನನ್ನು ಹೊಲಕ್ಕೆ ನೀರೆತ್ತುವ ಕಪಿಲೆ ಹೊಡೆಯಲು ಹಚ್ಚಿದರು. ಎತ್ತುಗಳು ಹಗ್ಗ ಎಳೆಯುತ್ತ ಇಳಿಜಾರು ಇಳಿಯಬೇಕು. ಬಾವಿಯಿಂದ ಮೇಲೆ ಬಂದ ಚರ್ಮದ ಚೀಲ ನೀರು ಸುರಿದ ಮೇಲೆ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಏರಬೇಕು. ಆ ಹೊತ್ತಿಗೆ ಉಳಿದವರು ಹಾಡು ಹೇಳುತ್ತಾರೆ, ನಾನು ಆ ಪದ ಹೇಳಿದೆ. ಅರ್ಥ ನಿಘಂಟಿನಲ್ಲಿ ಸಿಕ್ಕಿತ್ತು. ಒತ್ತು ಎರಡನೇ ತುಂಡಿನ ಮೇಲೆ ಬೀಳಬೇಕು ಎಂಬುದನ್ನು ಮಾತ್ರ ಹಗ್ಗ ಜಗ್ಗಿ ಜಗ್ಗಿಯೇ ನಾಲಿಗೆಗೆ ಕಲಿಸಿದೆ.

ರಜೆ ಮುಗಿಯುವ ಹೊತ್ತಿಗೆ ಪದ ನನಗೂ ಬಂತು, ಎತ್ತುಗಳಿಗೂ ಬಂತು. ಒಂದು ಬೆಳಿಗ್ಗೆ ದೊಡ್ಡಪ್ಪ ತಾವೇ ಕಪಿಲೆಗೆ ನಿಂತರೆ, ಜೋಡಿ ಇಳಿಜಾರಿನ ಕೊನೆಯಲ್ಲಿ ನಿಂತೇಬಿಟ್ಟಿತು. ಬೈದರು, ಬಾರುಕೋಲು ತೋರಿಸಿದರು, ಮೂರು ಭಾಷೆಯಲ್ಲೂ ಕೇಳಿಕೊಂಡರು. ಕದಲಲಿಲ್ಲ. ನಾನು ಬದುವಿನ ಮೇಲಿಂದಲೇ ಆ ಪದ ಕೂಗಿದೆ. ಎರಡೂ ಹಿಂದಕ್ಕೆ ಹೆಜ್ಜೆ ಹಾಕಿದವು.

“ಅಂಗಂದ್ರೆ ಏನ್ಲಾ?”

“ಗಲಾಟೆ ಮಾಡೋನು, ಯಾರ್ ಮಾತೂ ಕೇಳ್ದೋನು ಅಂತ, ದೊಡ್ಡಪ್ಪ.”

“ಎತ್ಗಂದ್ಯೋ, ನಂಗಂದ್ಯೋ?”

ನಾನು ಬದುವಿನಿಂದ ಇಳಿದು ಎತ್ತುಗಳ ಬೆನ್ನು ತಟ್ಟಿದೆ. ನೀರು ನಿಲ್ಲಿಸುವಂತಿಲ್ಲ, ನಾನೋ ಕಾಲೇಜಿಗೆ ಹೊರಟವನು. ದೊಡ್ಡಪ್ಪ ಸಂಜೆಯವರೆಗೂ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಾವೂ ಕಲಿತರು. ಮುಂದಿನ ಹಲ್ಲಿರಲಿಲ್ಲ, ಅರ್ಧ ಪದ ಗಾಳಿಯಾಗಿ ಹೋಗುತ್ತಿತ್ತು. ಎತ್ತುಗಳು ದೊಡ್ಡ ಮನಸ್ಸು ಮಾಡಿದವು.

ಕಾಲೇಜಿನಲ್ಲಿ ತಡವರಿಸದೆ ಹೇಳಿದೆ, ಕೈ ಮಾತ್ರ ಹಗ್ಗ ಹುಡುಕುತ್ತಿತ್ತು. ಅರ್ಥವನ್ನೂ ಹೇಳಿದೆ. ಮೇಷ್ಟ್ರು ಕೂತುಕೋ ಎಂದರು. ಹಾಜರಿ ಸಿಕ್ಕಿತು, ಪರೀಕ್ಷೆಗೆ ಕೂತೆ, ಪಾಸಾದೆ.

ಪದವಿಪತ್ರ ತಂದು ದೊಡ್ಡಪ್ಪನ ಕೈಗಿಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದರು. ಅಕ್ಷರ ಬಾರದವರು, ಆದರೂ ಮೇಲಿಂದ ಕೆಳಗಿನವರೆಗೆ ಒಂದು ಸಾಲೂ ಬಿಡದೆ ನೋಡಿದರು. ಆಮೇಲೆ ನನ್ನ ಹೆಸರೆಲ್ಲಿದೆ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ.

“ಇನ್ನೊಸಿ ದಪ್ಪಕ್ಕೆ ಬರ್ದಿದ್ರೆ ಅವ್ರಿಗೇನ್ಲಾ ಆಗ್ತಿತ್ತು?” ಎಂದರು.