ನಮ್ಮ ಕರಿಕಲ್ಲಿನ ಪಾಲು

ಡೈನೋಸಾರ್‌ಗಳನ್ನು ಕೊಂದದ್ದು ಆಕಾಶದಿಂದ ಬಿದ್ದ ಉಲ್ಕೆಯೊಂದೇ ಎಂದು ಟಿವಿಯ ಸಾಕ್ಷ್ಯಚಿತ್ರ ತೀರ್ಪು ಕೊಟ್ಟು ಮುಗಿಯಿತು. ಅದೇ ಕಾಲಕ್ಕೆ ದಖ್ಖನ್ನಿನಲ್ಲಿ ಹರಿದ ಲಾವಾದ ಬಗ್ಗೆ ಒಂದು ಮಾತೂ ಇರಲಿಲ್ಲ. ಆ ಲಾವಾ ಆರಿ ಆದ ಕರಿಕಲ್ಲಿನ ಮೇಲೆಯೇ ನಮ್ಮ ಆಳಂದ ನಿಂತಿದೆ. ಡೈನೋಸಾರ್‌ಗಳ ಸಾವಿನಲ್ಲಿ ಆ ಲಾವಾಕ್ಕೂ ಪಾಲಿತ್ತೇ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಭೂವಿಜ್ಞಾನ ಓದಿದ ನನಗೆ ಮೈ ಉರಿಯಿತು.

ಹೊಲದ ಬಾವಿಯಿಂದ ತೆಗೆದ ಕರಿಕಲ್ಲೊಂದನ್ನೂ ಅದರ ವಿವರಣೆ ಬರೆದ ಹಾಳೆಯನ್ನೂ ಮಗಳು ಅಫಜಲಪುರದ ವಿಜ್ಞಾನ ಪ್ರದರ್ಶನಕ್ಕೆ ಒಯ್ದಳು. ತೀರ್ಪುಗಾರರು ನಕ್ಕರು.

"ಟಿವಿ ನೋಡಂಗಿಲ್ಲೇನವಾ? ಉಲ್ಕೆ ಬಿದ್ದು ಸತ್ತಾವ. ಈ ಕಲ್ಲು ಖಾರ ಅರೀಲಿಕ್ಕ ಇಟ್ಕೋ."

ಬಹುಮಾನ ಬರಲಿಲ್ಲ. ಬಸ್ಸಿನಲ್ಲಿ ಅವಳು ಅಳುತ್ತಿದ್ದಳು, ನಾನು ಟಿವಿಯವರನ್ನು ಬೈಯುತ್ತಿದ್ದೆ. "ಎರಡೂ ಕಡೀದು ಹೇಳಬೇಕಿತ್ತು ಅವ್ರು. ನಾವು ಹೇಳೀವಲ್ಲ?"

"ಎಲ್ಲಿ ಹೇಳೀವಿ, ಅವ್ವಾ?" ಮಗಳು ತನ್ನ ಹಾಳೆ ಬಿಚ್ಚಿದಳು. 'ಡೈನೋಸಾರ್‌ಗಳನ್ನು ಕೊಂದದ್ದು ಉಲ್ಕೆಯಲ್ಲ, ನಮ್ಮ ಕಲ್ಲು' ಎಂದು ದಪ್ಪಕ್ಷರದಲ್ಲಿತ್ತು. "ನೀನಽ ಹೇಳಿ ಬರೆಸೀದಿ."

ಎರಡನ್ನೂ ಬರೆಸಿದ್ದೆ ಎಂದೇ ನನ್ನ ನೆನಪು ಈಗಲೂ ಹೇಳುತ್ತದೆ. ಅದನ್ನು ನಂಬಲಾರೆ. ಸಾಕ್ಷ್ಯಚಿತ್ರದವರ ಮೇಲಿನ ಸಿಟ್ಟೂ ಇಳಿದಿಲ್ಲ, ಆದರೆ ಅದನ್ನು ಜೋರಾಗಿ ಹೇಳುವ ಬಾಯಿ ಹೋಗಿದೆ. ಮುಂದಿನ ಪ್ರದರ್ಶನ ಜೇವರ್ಗಿಯಲ್ಲಿದೆ. ಹಾಳೆಯನ್ನು ಮಗಳು ತಾನೇ ಬರೆಯುತ್ತಿದ್ದಾಳೆ. ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ.