ನೆರಳಿಗೆ ಹೋದ ಮರೂನ್ ತುಂಡು

ಉಡುಪಿಯಲ್ಲಿ ನನ್ನದೊಂದು ಪರದೆ ಬಟ್ಟೆಯ ಅಂಗಡಿ ಇದೆ. ಬಣ್ಣ ಹೋಗುವುದಿಲ್ಲ ಎಂದು ನಾನು ಹೇಳಿದರೆ ಹೋಗುವುದಿಲ್ಲ. ಜಂಬ ಎಂದುಕೊಂಡರೂ ಚಿಂತೆಯಿಲ್ಲ. ಯಾವ ಹೊಸ ಬಟ್ಟೆ ಬಂದರೂ ಅದರದೊಂದು ತುಂಡನ್ನು ಕಾರ್ಕಳದ ನಮ್ಮ ಮನೆಯ ತಾರಸಿಯಲ್ಲಿ ಒಂದು ತಿಂಗಳು ಬಿಸಿಲಿಗೆ ಇಡುತ್ತೇನೆ. ಅರ್ಧಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು ಮುಚ್ಚಿರುತ್ತೇನೆ. ಕೊನೆಗೆ ರಟ್ಟು ತೆಗೆದರೆ ನಡುವೆ ಗೆರೆ ಕಾಣಬಾರದು. ಪಕ್ಕದಲ್ಲಿ ಒಂದು ಅಗ್ಗದ ನೇರಳೆ ತುಂಡೂ ಇರುತ್ತದೆ. ಅದು ವಾರದೊಳಗೆ ಬಿಳುಚಿಕೊಳ್ಳುವಂಥದ್ದು. ಬಿಸಿಲು ಸರಿಯಾಗಿ ಬಿದ್ದಿದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಕಾಪುವಿನಿಂದ ಒಬ್ಬ ಹೆಂಗಸು ಬಂದರು. ಮೀನು ಮಾರಿಯೇ ಸಮುದ್ರಕ್ಕೆ ಎದುರಾಗಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಹೊತ್ತಿಗೆ ಪಡುವಣ ಕಿಟಕಿಗಳಿಗೆ ಮರೂನ್ ಪರದೆಯೇ ಬೇಕೆಂದರು.

"ಬಿಸಿಲಲ್ಲಿ ಕೂತು ಕೂತು ನನ್ನ ಬಣ್ಣ ಹೋಯ್ತು. ಮನೆಯ ಬಣ್ಣ ಹೋಗ್ಬಾರ್ದು."

ಆ ಮಾತು ನನಗೆ ನಾಟಿತು. ಮರೂನ್ ತುಂಡನ್ನು ತಾರಸಿಗೆ ಹಾಕಿದೆ. ಸೀಸನ್ ಆದ್ದರಿಂದ ಭಾನುವಾರವೂ ಅಂಗಡಿ. ಬೆಳಿಗ್ಗೆ ಬಸ್ಸು ಹಿಡಿದರೆ ಮರಳುವಾಗ ಕತ್ತಲೆ. ತಿಂಗಳು ತುಂಬಿದ ಬೆಳಿಗ್ಗೆ ರಟ್ಟು ತೆಗೆದು ನೋಡಿದೆ. ಗೆರೆಯ ಸುಳಿವೇ ಇಲ್ಲ. ಧೈರ್ಯವಾಗಿ ತೆಗೆದುಕೊಳ್ಳಿ ಅಕ್ಕ ಎಂದು ಅಲ್ಲಿಂದಲೇ ಫೋನಿನಲ್ಲಿ ಮಾತು ಕೊಟ್ಟುಬಿಟ್ಟೆ.

ತುಂಡುಗಳನ್ನು ಬಾಚಿಕೊಳ್ಳುವಾಗ ನೇರಳೆಯ ಮೇಲೆ ಕಣ್ಣು ಬಿತ್ತು. ಅದೂ ಹೊಚ್ಚ ಹೊಸದರಂತೆ ಇತ್ತು.

ದೀಪಾವಳಿಗೆ ಬಂದು ನಮ್ಮ ಮನೆಯಲ್ಲೇ ಉಳಿದಿದ್ದ ಅತ್ತೆಯನ್ನು ಕೇಳಿದೆ. ಅವರು ಒಂದಿಷ್ಟೂ ಅಳುಕಲಿಲ್ಲ. ನಾನು ಬಸ್ಸು ಹತ್ತಿದ ಕೂಡಲೇ ರಟ್ಟಿನ ಸಮೇತ ಎಲ್ಲವನ್ನೂ ನೀರಿನ ಟ್ಯಾಂಕಿನ ನೆರಳಿಗೆ ಇಡುತ್ತಿದ್ದರಂತೆ. ನಾನು ರೇಗುತ್ತೇನೆಂದು ಸಂಜೆ ಮತ್ತೆ ಇದ್ದಲ್ಲಿಗೇ ತರುತ್ತಿದ್ದರಂತೆ.

"ಒಳ್ಳೆ ಬಟ್ಟೆಯನ್ನು ಯಾರಾದ್ರೂ ಬಿಸಿಲಿಗೆ ಹಾಕ್ತಾರಾ ಮಾರಾಯ್ತಿ? ಬಣ್ಣ ಹೋಗ್ತದೆ ಅಲ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಣ್ಣದ ಬಟ್ಟೆಯನ್ನು ಮಗುಚಿ ನೆರಳಲ್ಲಿ ಒಣಗಿಸಬೇಕೆಂದು, ನಾನು ಸೊಸೆಯಾಗಿ ಬಂದ ವಾರದಲ್ಲೇ ಕಲಿಸಿದವರು ಅವರು. ಅವರ ಮೇಲೆ ಸಿಟ್ಟು ಬರಲಿಲ್ಲ. ಸಾಕ್ಷಿಯನ್ನು ಕೇಳದೆ ತೀರ್ಪು ಕೊಟ್ಟ ನನ್ನ ಮೇಲೆಯೇ ಬಂತು.

ಅಂದೇ ಕಾಪುವಿಗೆ ಹೋಗಿ ಮಾತು ಹಿಂದೆಗೆದುಕೊಂಡೆ. ಇನ್ನೊಂದು ತಿಂಗಳು ಬೇಕು, ಗೃಹಪ್ರವೇಶಕ್ಕೆ ಪರದೆ ಆಗುವುದಿಲ್ಲ ಎನ್ನುವಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಪರದೆಯಿಲ್ಲದ ಕಿಟಕಿಯತ್ತ ಕೈ ತೋರಿಸಿದರು.

"ಪರದೆ ಇಲ್ಲದಿದ್ರೆ ಬಂದವರಿಗೆ ಸಮುದ್ರ ಕಾಣ್ತದೆ, ಅಷ್ಟೇ ಅಲ್ವಾ? ನೀವು ಸರಿಯಾಗಿ ನೋಡಿಯೇ ಹೇಳಿ."

ಈ ಸಲ ಬೇರೆ ಮಿಲ್ಲಿನ ಮರೂನನ್ನೂ ಜೊತೆಗಿಟ್ಟೆ. ಕಾವಲಿಗೆ ಅತ್ತೆಯನ್ನೇ ನೇಮಿಸಿದೆ. ಟ್ಯಾಂಕಿನ ನೆರಳು ಸರಿದು ಬಂದಾಗಲೆಲ್ಲ ಅವರು ತುಂಡುಗಳನ್ನು ಬಿಸಿಲಿಗೆ ಎಳೆಯುತ್ತಿದ್ದರು, ಪಾಪ ಪಾಪ ಎನ್ನುತ್ತಲೇ.

ತಿಂಗಳ ಕೊನೆಗೆ ರಟ್ಟು ತೆಗೆದವರೂ ಅವರೇ. ನೇರಳೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮೊದಲಿನ ಮರೂನಿನ ನಡುವೆ ಗೆರೆ ಎದ್ದು ಕಾಣುತ್ತಿತ್ತು. ಎರಡನೆಯದನ್ನು ಅತ್ತೆ ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಗೆರೆ ಇರಲಿಲ್ಲ.

"ಈಗ ಫೋನು ಮಾಡು," ಎಂದರು.