ಸಂಕ್ರಾಂತಿ ಕಳೆದ ಮೇಲೆ ಸಿಕ್ಕ ಸೀಟು

ನನ್ನ ಮಗಳ ಓದಿಗೆ ನಾನು ತೆತ್ತದ್ದು ಎಲೆಯಡಿಕೆ. ನಗಬೇಡಿ. ಊರೂರು ತಿರುಗಿ ಹಳೇ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ನನ್ನಂಥವಳಿಗೆ ಎಲೆಯಡಿಕೆ ಬರೀ ಬಾಯಿಚಪಲವಲ್ಲ, ಅರ್ಧ ಬಂಡವಾಳ. ಗೊತ್ತಿಲ್ಲದ ಮನೆಯ ಜಗಲಿಯ ಮೇಲೆ ಕೂತು, ಸೊಂಟದ ಚೀಲ ಬಿಚ್ಚಿ, ಮನೆಯಾಕೆಗೆ ಒಂದು ಎಲೆ ಮಡಿಸಿ ಕೊಟ್ಟರೆ ಸಾಕು, ಒಳಗಿನ ಬಟ್ಟೆಗಂಟು ತಾನಾಗಿ ಹೊರಗೆ ಬರುತ್ತದೆ. ಅಂಥದ್ದನ್ನು ಕರಿಘಟ್ಟದ ಶ್ರೀನಿವಾಸನ ಸನ್ನಿಧಿಯಲ್ಲಿ ಬಿಟ್ಟು ಬಂದೆ. ಇವತ್ತಿಗೂ ಮುಟ್ಟಿಲ್ಲ. ಯಾಕೆ ಬಿಟ್ಟೆ, ಸ್ವಾಮಿ ಏನು ಕೊಟ್ಟ, ಕೊಟ್ಟದ್ದನ್ನು ಪಡೆದೂ ನನ್ನ ಮನಸ್ಸು ಯಾಕೆ ಪೂರ್ತಿ ಹಗುರಾಗಲಿಲ್ಲ ಎಂಬುದನ್ನು ಅವನ ಭಕ್ತರಾದ ನಿಮಗೆ ತಿಳಿಸಬೇಕು ಎಂದು ಕೂತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮದು ಪಾಂಡವಪುರ. ಮನೆಯವರು ಮರಗೆಲಸ ಮಾಡುತ್ತಾರೆ. ನಾನು ತಲೆಯ ಮೇಲೆ ಪಾತ್ರೆ ಬುಟ್ಟಿ ಹೊತ್ತು ಒಂದು ದಿನ ಕೆ.ಆರ್. ಪೇಟೆ ಕಡೆ, ಇನ್ನೊಂದು ದಿನ ನಾಗಮಂಗಲದ ಕಡೆ ಬಸ್ಸು ಹತ್ತುವವಳು. ಮಗಳು ಸವಿತಾ ೧೯೯೬ರಲ್ಲಿ ಪಿ.ಯು.ಸಿ. ಮುಗಿಸಿದಳು. ಬೆಂಗಳೂರಿನ ಒಂದು ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ.ಗೆ ಸೀಟು ಸಿಕ್ಕಿದೆ, ಇಂಥ ತಾರೀಕಿನೊಳಗೆ ಬಂದು ಸೇರಿಕೊಳ್ಳಿ ಎಂದು ಕಾಗದ ಬಂತು. ತಾರೀಕು ಬಿದ್ದದ್ದು ಆಷಾಢದಲ್ಲಿ. ಆ ವರ್ಷ ಅಧಿಕಮಾಸವೂ ಆಷಾಢಕ್ಕೇ ಬಂದು, ಒಂದಾದ ಮೇಲೊಂದು ಎರಡು ಆಷಾಢ. ಎರಡನೆಯದು ಕಳೆಯಲು ಇನ್ನೊಂದು ವಾರವಿತ್ತು.

ನಮ್ಮತ್ತೆ ಬಾಗಿಲಿಗೆ ಅಡ್ಡ ಕೂತುಬಿಟ್ಟರು. "ಆಷಾಡದಾಗೆ ಎಣ್ಮಗೀನ ಒಸ್ಲು ದಾಟುಸ್ತೀಯಾ? ಒಂದು ಕರುನೂ ಈ ತಿಂಗ್ಳಲ್ಲಿ ಮಾರಕಿಲ್ಲ ನಾವು. ಸ್ರಾವಣ ಉಟ್ಲಿ, ಆಮೇಲೆ ಕರ್ಕಂಡೋಗು."

ಸವಿತಾ ಕಾಗದ ತಂದು ನನ್ನ ಮುಂದೆ ಹಿಡಿದಳು. "ಅವ್ವ, ತಾರೀಕು ಬರ್ದವ್ರೆ ನೋಡು."

"ಬರ್ದಿರ್ತಾರೆ ಕಣಮ್ಮಿ. ಕೊಳಗಕ್ಕೆ ನಾಕು ಸೀರೆ ಅಂತ ನಾನೂ ಏಳ್ತೀನಿ. ಎರಡ್ಕೆ ಕೊಟ್ಟು ಬರಲ್ವಾ? ಒಂದ್ ವಾರ ತಾನೆ, ನಾನ್ ಮಾತಾಡ್ತೀನಿ ಬುಡು."

ನನ್ನ ಕಸುಬಿನಲ್ಲಿ ಮೊದಲು ಹೇಳಿದ ಮಾತಿಗೆ ಯಾರೂ ನಿಲ್ಲುವುದಿಲ್ಲ. ಅಂಗಡಿಯವರಾಗಲಿ, ಮನೆಯಾಕೆಯಾಗಲಿ, ಬಸ್ಸಿನ ಮೇಲೆ ಬುಟ್ಟಿ ಹಾಕಿಸುವ ಕಂಡಕ್ಟರಾಗಲಿ, ಎಲ್ಲರೂ ಇಳಿಯುತ್ತಾರೆ. ತಾರೀಕೂ ಹಾಗೇ ಇಳಿಯುತ್ತದೆ ಎಂದುಕೊಂಡೆ.

ಶ್ರಾವಣ ಹುಟ್ಟಿದ ಮರುದಿನವೇ ಬೆಂಗಳೂರಿಗೆ ಹೊರಟೆವು. ಕಚೇರಿಯ ಕಿಟಕಿಯ ಆಚೆ ಕೂತಿದ್ದವರು ಕಾಗದ ನೋಡಿ, "ಅಮ್ಮಾ, ಆ ಸೀಟು ಮುಂದಿನವರಿಗೆ ಹೋಗಿ ಆಯ್ತಲ್ಲ" ಎಂದರು. ನಾನು ಬಿಡಲಿಲ್ಲ. ಅತ್ತೆಯ ವಯಸ್ಸು, ಎರಡು ಆಷಾಢ, ಬಸ್ಸಿನ ತೊಂದರೆ, ಎಲ್ಲ ಹೇಳಿದೆ. ಕೊನೆಗೆ ಚೀಲದಿಂದ ಹೊಸ ಟಿಫನ್ ಕ್ಯಾರಿಯರ್ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಅವರು ಬಯ್ಯಲಿಲ್ಲ. ಅದನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, "ಇದು ಸಂತೆ ಅಲ್ಲಮ್ಮ. ಮಗುವಿನ ಹೆಸರು ಬರೆದಿಟ್ಟುಕೊಳ್ತೀನಿ. ಯಾರಾದ್ರೂ ಬಿಟ್ಟು ಹೋದರೆ ಎರಡನೇ ಸೆಮಿಸ್ಟರಿಗೆ ಕರೀತೀವಿ. ಆಸೆ ಇಟ್ಕೋಬೇಡಿ" ಎಂದರು.

ಮಂಡ್ಯ ದಾಟುವವರೆಗೆ ಸವಿತಾ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ ಒಂದೇ ಮಾತು. "ನನ್ ಓದೂ ಒಂದು ಪಾತ್ರೆ ಅನ್ಕಂಡ್ಯಾ ಅವ್ವ?"

ಅವಳು ಊಟ ಬಿಡಲಿಲ್ಲ, ಅಳಲಿಲ್ಲ. ಬಾವಿಕಟ್ಟೆಯಲ್ಲಿ ನನ್ನ ಜೊತೆ ಹಳೇ ಬಟ್ಟೆ ಒಗೆಯಲು ಕೂತಳು. ಅದೇ ನನಗೆ ಸಹಿಸಲಾಗಲಿಲ್ಲ. ಅಷ್ಟರಲ್ಲಿ ಕೆ.ಆರ್. ಪೇಟೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ. ಹುಡುಗನ ಕಡೆಯವರು ಮಾಘದಲ್ಲಿ ಲಗ್ನ ಇಟ್ಟುಕೊಳ್ಳೋಣ ಎಂದರು. ಅಲ್ಲಿಯವರೆಗೆ ಕಾಲೇಜಿನಿಂದ ಕರೆ ಬಾರದಿದ್ದರೆ ಆಗಲಿ ಎಂದು ಮನೆಯವರು ಮಾತು ಕೊಟ್ಟರು. ನಮ್ಮತ್ತೆಯೂ ಕುಗ್ಗಿ ಹೋಗಿದ್ದರು. "ನನ್ ಬಾಯ್ಗೆ ಮಣ್ಣಾಕ, ಅವತ್ತು ಸುಮ್ಕಿದ್ದಿದ್ರೆ ಆಗೋದು" ಎನ್ನುತ್ತಿದ್ದರು.

ಶ್ರಾವಣ ಶನಿವಾರ ಕರಿಘಟ್ಟದ ಬೆಟ್ಟ ಹತ್ತಿದೆ. ಸರದಿಯಲ್ಲಿ ನಿಂತಾಗಲೂ ನನ್ನ ತಲೆ ವ್ಯಾಪಾರವನ್ನೇ ಯೋಚಿಸುತ್ತಿತ್ತು. ಸ್ವಾಮಿಯ ಮುಂದೆ ನಿಂತು ಹೇಳಿದೆ: "ಅಪ್ಪಾ, ಹೆಚ್ಚಿಗೆ ಕೇಳಲ್ಲ. ಅಷ್ಟು ಮಕ್ಕಳಲ್ಲಿ ಯಾರದಾದರೂ ಒಂದು ಜಾಗ ಖಾಲಿ ಮಾಡಿಸು. ಒಂದೇ ಒಂದು. ನನ್ನ ಎಲೆಯಡಿಕೆ ನೀನು ತಗೋ." ಎಲೆಚೀಲವನ್ನು ಅಲ್ಲೇ ಬಿಟ್ಟೆ. ಆಮೇಲೆ ಶ್ರೀರಂಗಪಟ್ಟಣದ ಕಡೆ ವ್ಯಾಪಾರಕ್ಕೆ ಹೋದಾಗಲೆಲ್ಲ ಬೆಟ್ಟ ಹತ್ತಿ ಅದೇ ಮಾತು ಹೇಳಿ ಬರುತ್ತಿದ್ದೆ. ಕಾರ್ತೀಕದಲ್ಲಂತೂ ದೀಪ ಹಚ್ಚಿ, "ಇನ್ನೂ ಎಷ್ಟು ದಿನ ಕಾಯಿಸ್ತೀಯಪ್ಪ" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಸಂಕ್ರಾಂತಿ ಮುಗಿದು ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ತಂತಿ ಬಂತು. ಒಂದು ಸೀಟು ಖಾಲಿಯಾಗಿದೆ, ಕೂಡಲೇ ಬನ್ನಿ. ಆಗ ಪುಷ್ಯ. ಅದೂ ನಮ್ಮಲ್ಲಿ ಶುಭಕ್ಕೆ ಆಗದ ತಿಂಗಳೇ. ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗು ಸಿಗಿಸಿಕೊಂಡು ಎದ್ದರು. "ಪುಷ್ಯನೂ ಇಲ್ಲ, ಗಿಷ್ಯನೂ ಇಲ್ಲ. ನಡೀರವ್ವ, ನಾನೇ ಬಸ್ ಅತ್ತುಸ್ತೀನಿ." ಹತ್ತಿಸಿದರು ಕೂಡ. ಕೆ.ಆರ್. ಪೇಟೆಯವರಿಗೆ ಮನೆಯವರೇ ಹೋಗಿ ಕೈಮುಗಿದು ಬಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಂತೋಷದ ಕಥೆ.

ವರ್ಷದ ನಡುವೆ ಕಾಲೇಜು ಸೇರುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಜನವರಿಯ ಹೊತ್ತಿಗೆ ಉಳಿದ ಮಕ್ಕಳು ಜೊತೆಗಾರರನ್ನು ಮಾಡಿಕೊಂಡು, ಊಟದ ಮನೆಯಲ್ಲಿ ಇಂಥವರ ಪಕ್ಕ ಇಂಥವರು ಎಂದು ಗೊತ್ತಾಗಿಹೋಗಿತ್ತು. ಮೇಷ್ಟ್ರು "ಕಳೆದ ಸೆಮಿಸ್ಟರಿನಲ್ಲಿ ನೋಡಿದಂತೆ" ಎಂದು ಪಾಠ ಶುರು ಮಾಡಿದರೆ ಇವಳು ನೋಡಿಯೇ ಇಲ್ಲ. ಆ ಮೊದಲ ಸೆಮಿಸ್ಟರಿನ ಪರೀಕ್ಷೆಯನ್ನು ಮುಂದಿನ ವರ್ಷದ ಹೊಸ ಮಕ್ಕಳ ಜೊತೆ ಕೂತು ಬರೆಯಬೇಕಂತೆ. ನಾನು ಚಕ್ಕುಲಿ ತೆಗೆದುಕೊಂಡು ಹಾಸ್ಟೆಲಿಗೆ ನೋಡಲು ಹೋದ ಭಾನುವಾರ ಸವಿತಾ ಸೊರಗಿದ್ದಳು.

"ಏನೂ ತಲೆಗೋಗ್ತಾ ಇಲ್ಲ ಅವ್ವ. ನೋಟ್ಸ್ ಕೇಳುದ್ರೆ ಪರೀಕ್ಷೆ ಐತೆ, ಆಮೇಲೆ ಅಂತಾರೆ. ಯುಗಾದಿಗೆ ಬಂದ್ಬುಡ್ತೀನಿ, ಸಾಕು."

"ಮಂಚ ಗಿಂಚ ಚೆಂದಾಗೈತಾ?" ಎಂದೆ, ಮಾತು ತಿರುಗಿಸಲು.

"ಮೊದ್ಲು ಜಯಶೀಲಾ ಅಂತ ಇದ್ಲಂತೆ ಈ ಮಂಚದಲ್ಲಿ. ನಾಗಮಂಗ್ಲದ ಕಡೆಯವ್ಳು. ಕ್ಲಾಸ್‌ಗೇ ಬುದ್ವಂತೆಯಂತೆ. ಓಗುವಾಗ ಎಲ್ಲಾರ್ನೂ ತಬ್ಕಂಡು ಅತ್ಲಂತೆ."

ಆ ಹೆಸರು ಆಗ ನನ್ನ ಕಿವಿಯ ಮೇಲೆ ಹಾಗೇ ಹೋಯಿತು. ಮಗಳು ವಾಪಸ್ಸು ಬಂದರೆ ಏನು ಗತಿ ಎಂಬುದೊಂದೇ ಯೋಚನೆ.

ಫಾಲ್ಗುಣದಲ್ಲಿ ನಾಗಮಂಗಲದಾಚೆ ಬೆಳ್ಳೂರಿನ ಕಡೆಯ ಒಂದು ಹಳ್ಳಿಗೆ ವ್ಯಾಪಾರಕ್ಕೆ ಹೋದೆ. ಒಂದು ಮನೆಯ ಮುಂದೆ ಕೊಟ್ಟಿಗೆ, ಎರಡು ಸೀಮೆಹಸು. ಮನೆಯಾಕೆ ಬಟ್ಟೆಗಂಟು ತಂದು ಬಿಚ್ಚಿದಳು. ಪಂಚೆ, ಲಂಗ, ಸವೆದ ಸೀರೆ. ಅಡಿಯಲ್ಲಿ ಒಂದು ಬಿಳಿ ಕೋಟು, ಕಾಲೇಜಿನ ಮಕ್ಕಳು ಪ್ರಯೋಗಶಾಲೆಯಲ್ಲಿ ಹಾಕಿಕೊಳ್ಳುವಂಥದ್ದು. ಹೊಚ್ಚ ಹೊಸದು. ಹಳೇ ಬಟ್ಟೆಯವರು ಮೊದಲು ನೋಡುವುದು ಕೊರಳಪಟ್ಟಿಯನ್ನು, ಯಾಕೆಂದರೆ ಬಟ್ಟೆ ಸವೆಯುವುದು ಅಲ್ಲೇ. ಪಟ್ಟಿ ಮಡಿಸಿದೆ. ಒಳಗೆ ಕೆಂಪು ದಾರದಲ್ಲಿ ಹೆಸರು ಹೊಲಿದಿತ್ತು: ಜಯಶೀಲಾ.

ಸವಿತಾ ಹೇಳಿದ ಮಂಚದ ಮಾತು ಆಗ ನೆನಪಾಯಿತು. "ಯಾರ್ದವ್ವ ಇದು?"

"ನಮ್ ದೊಡ್ ಉಡ್ಗೀದು. ಬೆಂಗ್ಳೂರ್ಗೆ ಓದಕ್ಕೋಗಿದ್ಲು. ಕಾರ್ತೀಕದಲ್ಲಿ ಅವ್ರಪ್ಪಂಗೆ ಲಕ್ವ ಒಡ್ದು ಮಲಗ್ಬುಟ್ರು. ಅಸ ಕರಿಯೋರಿಲ್ಲ, ಗದ್ದೆಗೆ ನೀರ್ ಕಟ್ಟೋರಿಲ್ಲ. ಬಾ ಅಂದ್ಬುಟ್ಟೊ. ಇನ್ಯಾಕೆ ಕೋಟು, ಆಲ್ ಕರಿಯಕ್ಕಾ?" ಎಂದು ನಕ್ಕಳು. ನಕ್ಕು ಸೆರಗಿನಿಂದ ಮೂಗು ಒರೆಸಿಕೊಂಡಳು.

ಕಾರ್ತೀಕ. ನಾನು ಬೆಟ್ಟದ ಮೇಲೆ ಜೋರಾಗಿ ಕೇಳಿದ ಕಾರ್ತೀಕ.

ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೊಳಗವನ್ನು ತೆಗೆದು ಆಕೆಯ ಮುಂದೆ ಇಟ್ಟೆ. ಆಕೆ ಕೊಳಗವನ್ನೂ ನನ್ನನ್ನೂ ನೋಡಿದಳು.

"ಇಷ್ಟು ಬಟ್ಟೆಗೆ ಇದಾ? ಚೌಕಾಸಿನೇ ಇಲ್ದೆ? ಯಾಕಮ್ಮೋ, ತೂತು ಗೀತು ಐತಾ?" ಎಂದವಳೇ ಅದಕ್ಕೆ ನೀರು ತುಂಬಿಸಿ, ಎತ್ತಿ ಹಿಡಿದು ತಳ ನೋಡಿದಳು. ಸೋರಲಿಲ್ಲ. ಆದರೂ ಆಕೆಗೆ ನಂಬಿಕೆ ಬರಲಿಲ್ಲ. ನಾನು ಅದೆಷ್ಟು ಮನೆಗಳಲ್ಲಿ ಹೀಗೆ ಧಾರಾಳವಾಗಿ ಕೊಟ್ಟಿದ್ದೇನೆ ಎಂದು ಯೋಚಿಸಿದೆ. ಒಂದೂ ನೆನಪಾಗಲಿಲ್ಲ.

ಆಗಲೇ ಕೊಟ್ಟಿಗೆಯಿಂದ ಹಾಲಿನ ಪಾತ್ರೆ ಹಿಡಿದು ಹುಡುಗಿ ಬಂದಳು. ನಮ್ಮ ಸವಿತಾಳಷ್ಟೇ ಎತ್ತರ. ಮುಚ್ಚಿಡಲು ಮನಸ್ಸಾಗಲಿಲ್ಲ. "ನಿನ್ ಮಂಚದಲ್ಲಿ ಈಗ ನನ್ ಮಗ್ಳು ಮಲಗ್ತಾಳೆ ಕಣವ್ವ" ಎಂದೆ.

ಅವಳು ಪಾತ್ರೆ ಕೆಳಗಿಟ್ಟಳು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವಳು ಕೇಳಿದ್ದು ಇಷ್ಟು: "ಆ ಕಿಟ್ಕಿ ಚಿಲ್ಕ ಈಗ್ಲೂ ಕೂರಲ್ವಾ ಅಕ್ಕ? ಗಾಳಿ ಒಡೀತದೆ. ಕಾಗ್ದ ಮಡ್ಚಿ ಸಂದೀಗೆ ಸಿಗಿಸ್ಕಳಕ್ಕೇಳಿ."

ಆಮೇಲೆ ನಾನೇ ಹೇಳಿಬಿಟ್ಟೆ, ಮಗಳಿಗೆ ಹಿಂದಿನ ಪಾಠ ಗೊತ್ತಿಲ್ಲ, ಬಿಟ್ಟು ಬರುತ್ತೇನೆ ಎನ್ನುತ್ತಿದ್ದಾಳೆ ಎಂದು. ಜಯಶೀಲಾ ಒಳಗೆ ಹೋಗಿ ಹಗ್ಗ ಕಟ್ಟಿದ ಪುಸ್ತಕಗಳ ಕಟ್ಟು ತಂದಳು. ಮೊದಲ ದಿನದಿಂದ ಕಾರ್ತೀಕದವರೆಗಿನ ನೋಟ್ಸು.

"ಇದ್ರ ಮುಂದಿಂದು ಯಾರತ್ರಾದ್ರೂ ಈಸ್ಕಳ್ಳಲಿ. ಇದ್ ಓದ್ಕಂಡ್ರೆ ಅದು ಅರ್ಥ ಆಯ್ತದೆ. ಬಿಟ್ ಮಾತ್ರ ಬರ್ಬೇಡ ಅನ್ನಿ. ಇಬ್ರಲ್ಲಿ ಒಬ್ಳಾದ್ರೂ ಓದ್ಲಿ."

ಕೊಳಗ ಬೇಡವೆಂದು ಅವಳ ತಾಯಿ ಈಗ ಪಟ್ಟು ಹಿಡಿದಳು. ನಾನೂ ಹಿಡಿದೆ. ಬದುಕಿನಲ್ಲಿ ಮೊದಲ ಸಲ ಹೆಚ್ಚು ಕೊಡುವುದಕ್ಕಾಗಿ ಚೌಕಾಸಿ ಮಾಡಿ ಗೆದ್ದೆ.

ಆ ಕಟ್ಟನ್ನೂ ಬಿಳಿ ಕೋಟನ್ನೂ ಮರುದಿನವೇ ಬೆಂಗಳೂರಿಗೆ ಹೋಗಿ ಸವಿತಾಳಿಗೆ ಮುಟ್ಟಿಸಿದೆ. ಸವಿತಾ ಯುಗಾದಿಗೆ ಬಂದಳು, ಒಬ್ಬಟ್ಟು ತಿಂದು ವಾಪಸ್ಸು ಹೋದಳು. ಮೊದಲ ಸೆಮಿಸ್ಟರಿನ ಪರೀಕ್ಷೆಯನ್ನು ಚಿಕ್ಕವರ ಜೊತೆ ಕೂತು ಬರೆದು ಪಾಸಾದಳು. ಈಗ ಕೊನೆಯ ವರ್ಷದಲ್ಲಿದ್ದಾಳೆ.

ಆದರೆ ನಾನು ಮಾತ್ರ ಆ ಫಾಲ್ಗುಣದಲ್ಲಿ, ಬೆಂಗಳೂರಿನಿಂದ ಬಂದವಳೇ, ನೇರವಾಗಿ ಬೆಟ್ಟಕ್ಕೆ ಹೋಗಿ ಅರ್ಚಕರ ಮುಂದೆ ಕೂತೆ. "ಸ್ವಾಮಿ, ನಾನು ಖಾಲಿ ಮಾಡಿಸು ಅಂದೆ. ಅದಕ್ಕೇ ಆ ಮನೆ ಯಜಮಾನ್ರು ಬಿದ್ರಾ?"

ಅವರು ಕೈಯಲ್ಲಿದ್ದ ತುಳಸಿಯನ್ನು ತಟ್ಟೆಗಿಟ್ಟು ಹೇಳಿದರು: "ನೋಡಮ್ಮ, ಒಬ್ಬರ ಹತ್ತಿರ ಈಸ್ಕೊಂಡು ಇನ್ನೊಬ್ಬರಿಗೆ ಕೊಡೋದು ನಿನ್ನ ವ್ಯಾಪಾರ. ಅವನದಲ್ಲ. ಆ ಕಾಯಿಲೆ ನಿನ್ನ ಮಾತಿಗೆ ಬಂದದ್ದಲ್ಲ. ಆದರೆ ಅಷ್ಟು ಮನೆಗಳಿರುವಾಗ ಆ ಮನೆ ಜಗಲಿಗೆ ನಿನ್ನನ್ನು ಕರೆದುಕೊಂಡು ಹೋದವನು ಯಾರು ಅಂತ ಯೋಚನೆ ಮಾಡು."

ಯೋಚಿಸಿದ್ದೇನೆ. ಕರೆದೊಯ್ದವನು ಅವನೇ. ನಾನು ಕೇಳಿದ್ದು ಸೀಟು. ಅವನು ಸೀಟಿನ ಜೊತೆಗೆ ಅದರಲ್ಲಿ ಮೊದಲು ಕೂತಿದ್ದವಳ ಮುಖವನ್ನೂ ತೋರಿಸಿದ. ನನ್ನ ಮಗಳನ್ನು ಉಳಿಸಿದ್ದು ಅವಳ ಕೈಬರಹ. ಹೀಗೆ ಜೋಡಿಸಬಲ್ಲವನು ಇದ್ದಾನೆ ಎಂಬ ನನ್ನ ನಂಬಿಕೆ ಈಗ ಮೊದಲಿಗಿಂತ ಗಟ್ಟಿ. ಆದರೆ ನಾನು ಕೇಳಿದ ಮಾತನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಜಯಶೀಲಾಳ ತಂದೆ ಈಗ ಕೋಲು ಹಿಡಿದು ಓಡಾಡುತ್ತಾರೆ. ಅವಳು ಹಸು ನೋಡಿಕೊಂಡು ಅಂಚೆ ಮೂಲಕ ಬಿ.ಎ. ಓದುತ್ತಿದ್ದಾಳೆ. ಪರೀಕ್ಷೆ ಬಂದಾಗ ಎರಡು ದಿನ ಹಾಲು ಕರೆಯಲು ನಾನೇ ಹೋಗುತ್ತೇನೆ. ಒಳ್ಳೆಯದೇ. ಆದರೂ ಆ ಬಿಳಿ ಕೋಟು ಸವಿತಾಳ ಮೈಮೇಲೆ ಕಂಡಾಗಲೆಲ್ಲ ಕೊರಳಪಟ್ಟಿಯ ಕಡೆಗೇ ನನ್ನ ಕಣ್ಣು ಹೋಗುತ್ತದೆ. ಆ ಹೆಸರನ್ನು ಬಿಚ್ಚಬೇಡ ಎಂದು ಹೇಳಿದ್ದೇನೆ. ಅವಳೂ ಬಿಚ್ಚಿಲ್ಲ.

ಇನ್ನು ನಿಮಗೆ ನಾಲ್ಕು ಮಾತು. ಆಷಾಢ ಮದುವೆಗೆ, ಗೃಹಪ್ರವೇಶಕ್ಕೆ ಅಡ್ಡಿಯಾದರೆ ಆಗಲಿ, ವಿದ್ಯೆಗೆ ಅಡ್ಡ ಹಾಕಬೇಡಿ. ಕಾಲೇಜಿನ ಕಾಗದದಲ್ಲಿರುವ ತಾರೀಕು ಚೌಕಾಸಿಯ ಮಾತಲ್ಲ. ಒಂದು ದಿನ ಮುಂಚೆಯೇ ಹೋಗಿ, ಪಾತ್ರೆ ಗೀತ್ರೆ ಒಯ್ಯಬೇಡಿ. ವರ್ಷದ ನಡುವೆ ಸೇರುವ ಮಗುವಿಗೆ ಹಾಸಿಗೆ, ಬಕೆಟ್ಟು ಕೊಡಿಸುವ ಮೊದಲು ಹಿಂದಿನ ಪಾಠದ ನೋಟ್ಸು ಎಲ್ಲಿ ಸಿಗುತ್ತದೆಂದು ವಿಚಾರಿಸಿ. ದೇವರ ಮುಂದೆ ನಿಂತಾಗ ನಿಮ್ಮ ಮಗುವಿಗೆ ಬೇಕಾದ್ದನ್ನು ಕೇಳಿ, ಯಾರಿಂದ ತೆಗೆದು ಕೊಡಬೇಕೆಂದು ಅವನಿಗೆ ಹೇಳಿಕೊಡಬೇಡಿ. ಮಗುವನ್ನು ಹಾಸ್ಟೆಲಿಗೆ ಬಿಟ್ಟು ಬರುವ ದಿನ, ಆ ಮಂಚದಲ್ಲಿ ಮೊದಲು ಯಾರಿದ್ದರು, ಯಾವ ಊರಿನವರು ಎಂದು ಕೇಳಿ ತಿಳಿದುಕೊಳ್ಳಿ. ಹತ್ತಿರದ ಊರಾದರೆ ಒಂದು ಸಲ ಹೋಗಿ ಬನ್ನಿ.